ಮನೆಯೊಳಗಿನ ಗಾಳಿ ಕೆಟ್ಟಿದೆಯಾ? ಫಿನಾಯಿಲ್ ಎತ್ತುವ ಮೊದಲು ಕಾರಣ ಹುಡುಕಿ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾರ ಮನೆಗೆ ಹೋದರೂ ಇದೇ ದೂರು. ಬೆಳಿಗ್ಗೆ ಏಳುವಾಗ ಮೂಗು ಕಟ್ಟಿರುತ್ತದೆ, ಸೀನು ನಿಲ್ಲುವುದಿಲ್ಲ, ಕಪಾಟು ತೆಗೆದರೆ ಮುಗ್ಗಲು ವಾಸನೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದಲ್ಲೂ ಅಷ್ಟೇ, ಅಲ್ಲಿ ಮೇಲಿಂದ ಸೆಕೆ ಬೇರೆ. ಆಗ ನಾವು ಮಾಡುವುದೇನು? ಬಕೆಟ್ಟಿಗೆ ಎರಡು ಮುಚ್ಚಳ ಫಿನಾಯಿಲ್ ಜಾಸ್ತಿ ಹಾಕಿ ನೆಲ ಒರೆಸುತ್ತೇವೆ, ರೂಮಿಗೆ ಪರಿಮಳದ ಸ್ಪ್ರೇ ಹೊಡೆಯುತ್ತೇವೆ, ಸಂಜೆ ಲೋಬಾನ ಹಾಕುತ್ತೇವೆ. ವಾಸನೆ ಸ್ವಲ್ಪ ಹೊತ್ತು ಅಡಗುತ್ತದೆ. ಗಾಳಿ ಮಾತ್ರ ಮೊದಲಿಗಿಂತ ಕೆಡುತ್ತದೆ, ಯಾಕೆಂದರೆ ಇದ್ದ ದೋಷ ಅಲ್ಲೇ ಇದೆ, ಅದರ ಮೇಲೆ ಹೊಗೆ ಮತ್ತು ರಾಸಾಯನಿಕ ಸೇರಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳಲ್ಲಿ ಗಾಳಿ ಕೆಡಿಸುವುದು ಮುಖ್ಯವಾಗಿ ಮೂರು: ನೀರು, ಹೊಗೆ, ಬಾಟಲಿ. ಬಾಟಲಿ ಅಂದರೆ ನಾವೇ ದುಡ್ಡು ಕೊಟ್ಟು ತಂದ ಕ್ಲೀನರ್, ಸ್ಪ್ರೇ, ಗುಳಿಗೆ ಎಲ್ಲ. ಧೂಳು ನಾಲ್ಕನೆಯದು. ಹೆದ್ದಾರಿ ಪಕ್ಕದ ಮನೆ ಬಿಟ್ಟರೆ ಅದಕ್ಕೆ ಕೊನೆಯ ಜಾಗ ಸಾಕು.

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಯಾವಾಗ ಜಾಸ್ತಿ?

ಎದ್ದ ತಕ್ಷಣ ಸೀನು, ಹತ್ತು ಗಂಟೆ ಹೊತ್ತಿಗೆ ಕಡಿಮೆ ಅಂದರೆ ಹಾಸಿಗೆ, ದಿಂಬು, ಮಲಗುವ ಕೋಣೆಯ ಗೋಡೆ ನೋಡಿ. ಸಂಜೆಯಿಂದ ಕೆಮ್ಮು ಶುರು ಅಂದರೆ ಸೊಳ್ಳೆ ಕಾಯಿಲ್, ಧೂಪ, ಬಚ್ಚಲ ಒಲೆ ಅಥವಾ ಅಡುಗೆಮನೆ. ಕಸ ಗುಡಿಸಿದ ಮೇಲೆ ಅಂದರೆ ಧೂಳು. ನೆಲ ಒರೆಸಿದ ಮೇಲೆ, ಬಾತ್‌ರೂಮು ತೊಳೆದ ಮೇಲೆ ಗಂಟಲು ಉರಿ, ಕಣ್ಣಲ್ಲಿ ನೀರು ಅಂದರೆ ಬಾಟಲಿ. ಫ್ಯಾನೋ ಎಸಿಯೋ ಹಾಕಿದ ಕೂಡಲೇ ಅಂದರೆ ಅದರ ರೆಕ್ಕೆ, ಫಿಲ್ಟರ್. ನೆಂಟರ ಮನೆಯಲ್ಲಿ ಎರಡು ದಿನ ಇದ್ದಾಗ ಆರಾಮಾಗಿ, ವಾಪಸ್ ಬಂದ ರಾತ್ರಿಯೇ ಮತ್ತೆ ಶುರುವಾದರೆ ದೋಷ ನಿಮ್ಮ ಮನೆಯಲ್ಲೇ ಇದೆ. ವಾಸನೆ ಹುಡುಕುವುದಾದರೆ ಹೊರಗಿಂದ ಬಂದ ಮೊದಲ ನಿಮಿಷದಲ್ಲೇ ಹುಡುಕಿ. ಒಳಗೇ ಇದ್ದ ಮೂಗಿಗೆ ವಾಸನೆ ಒಗ್ಗಿಹೋಗಿರುತ್ತದೆ, ಏನೂ ಗೊತ್ತಾಗುವುದಿಲ್ಲ.

ಒಂದು ಲಕ್ಷಣಕ್ಕೆ ಮಾತ್ರ ಪರೀಕ್ಷೆ ಬೇಡ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು, ಹೊರಗೆ ಬಂದರೆ ಕಡಿಮೆ. ಹೀಗಾದರೆ ಅದು ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್, ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ, ಇವೆರಡೇ ಹೆಚ್ಚಾಗಿ ಕಾರಣ. ನಮ್ಮಲ್ಲಿ ಬಾಣಂತಿ ಕೋಣೆಗೆ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಡುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. "ಹೊಗೆಯೇ ಇಲ್ಲ, ಬರೀ ಕೆಂಡ, ಏನೂ ಆಗೂದಿಲ್ಲ" ಅಂತ ಹಿರಿಯರು ಹೇಳುತ್ತಾರೆ. ಹೊಗೆ ಇಲ್ಲದ ಕೆಂಡದಿಂದಲೂ ಈ ಅನಿಲ ಬರುತ್ತದೆ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಆಸ್ಪತ್ರೆಗೆ ಹೋಗಿ. ಗೀಸರಿನ ಗ್ಯಾಸ್ ಸಿಲಿಂಡರ್ ಮತ್ತು ಗೀಸರ್ ಎರಡೂ ಸ್ನಾನದ ಕೋಣೆಯ ಹೊರಗೆ ಇರಬೇಕು, ಇದಕ್ಕೆ ಬೇರೆ ರಿಪೇರಿ ಇಲ್ಲ.

ಮುಗ್ಗಲು ವಾಸನೆ, ಗೋಡೆಯಲ್ಲಿ ಕಪ್ಪು ಚುಕ್ಕೆ

ನಮ್ಮ ಕಡೆಯ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಇಲ್ಲಿ ಮನೆ ಅಂದರೆ ಚಿರೇಕಲ್ಲು, ಚಿರೇಕಲ್ಲು ಅಂದರೆ ಸ್ಪಂಜು. ನೀರು ಕುಡಿಯುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ, ನಿಧಾನಕ್ಕೆ ಬಿಡುತ್ತದೆ. ಹಳೆಯ ಕಾಲದಲ್ಲಿ ಮಳೆ ಹೊಡೆಯುವ ದಿಕ್ಕಿನ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಈಗ ಅದು ಚೆಂದ ಕಾಣುವುದಿಲ್ಲ ಅಂತ ಬಿಟ್ಟೆವು. ಕೆಲವರು ತಾಡಪಾಲು ಕಟ್ಟುತ್ತಾರೆ, ಪರವಾಗಿಲ್ಲ, ಆದರೆ ಗೋಡೆಗೆ ಅಂಟಿಸಿ ಕಟ್ಟಬೇಡಿ. ನಡುವೆ ಗಾಳಿ ಓಡಾಡದಿದ್ದರೆ ಒಳಗೇ ಬೂಸಲು (ಬೂಷ್ಟು) ಏಳುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದು ಚದರ ಅಡಿ ಅಳತೆಯ, ದಪ್ಪಗಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪು ಹಚ್ಚಿ. ಟೇಪು ಹಿಡಿಯುವಂತೆ ಅಂಚನ್ನು ಮೊದಲು ಬಟ್ಟೆಯಿಂದ ಒರೆಸಿ ಒಣಗಿಸಿಕೊಳ್ಳಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಬದಿಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಹನಿ ಹೊರಗಡೆ, ಅಂದರೆ ಕೋಣೆಯ ಬದಿಯಲ್ಲಿ ಇದ್ದರೆ ಕೋಣೆಯ ಗಾಳಿಯಲ್ಲಿರುವ ತೇವವೇ ತಣ್ಣಗಿನ ಗೋಡೆಗೆ ಕೂರುತ್ತಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಪರೀಕ್ಷೆ.

ಒಳಗಿಂದ ಅಂದರೆ ಕಲೆ ಎಲ್ಲಿದೆ ನೋಡಿ. ನೆಲದಿಂದ ಮೇಲೆ ಎರಡು ಮೂರು ಅಡಿವರೆಗೆ ಉದ್ದಕ್ಕೂ ಇದ್ದು, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ನೆಲದ ನೀರು ಗೋಡೆ ಹತ್ತುತ್ತಿದೆ. ಹೊರಗೆ ಗೋಡೆ ಬುಡದಲ್ಲಿ ಮಣ್ಣು ಏರಿಸಿದ್ದೀರಾ, ಚರಂಡಿಯಲ್ಲಿ ಕಸ ಕಟ್ಟಿದೆಯಾ, ಹೂವಿನ ಗಿಡಕ್ಕೆ ಅಲ್ಲೇ ನೀರು ಹಾಕುತ್ತಿದ್ದೀರಾ ನೋಡಿ. ಮೇಲಿಂದ ಕೆಳಗೆ ಇಳಿದ ಕಲೆ ಅಂದರೆ ಒಡೆದ ಹಂಚು, ಎಲೆ ತುಂಬಿದ ದೋಣಿ (ಸೂರಿನ ನೀರು ಹರಿಯುವ ಕಾಲುವೆ), ಟೆರೇಸಿನ ಬಿರುಕು. ಗೋಡೆಯ ನಡುವೆ ಎಲ್ಲೋ ಒಂದು ಕಡೆ ಮಾತ್ರ ಅಂದರೆ ಪೈಪು.

ಈ ಪೈಪಿನ ಕತೆ ಹೇಳಬೇಕು. ಕಾರವಾರದಲ್ಲಿ ಅಕ್ಕನ ಫ್ಲಾಟಿನ ಮಲಗುವ ಕೋಣೆಯಲ್ಲಿ ಒಂದು ಮೂಲೆ ಯಾವಾಗಲೂ ಕಪ್ಪಾಗುತ್ತಿತ್ತು. ಪೇಂಟರ್ ಬಂದ, ಕೆರೆದ, "ಅಕ್ಕಾ, ಈ ವಾಟರ್‌ಪ್ರೂಫ್ ಪೇಂಟ್ ಹೊಡೆದ್ರೆ ಐದು ವರ್ಷ ಈ ಕಡೆ ನೋಡೋದೇ ಬೇಡ" ಅಂದ. ಮಳೆಗಾಲದ ನಡುವೆಯೇ ಬಳಿದ, ದುಡ್ಡು ತಗೊಂಡು ಹೋದ. ಚೌತಿ ಮುಗಿಯುವ ಹೊತ್ತಿಗೆ ಪೇಂಟು ಗುಳ್ಳೆ ಎದ್ದು ಹಪ್ಪಳದಂತೆ ಉದುರಿತು, ಜೊತೆಗೆ ಪೇಂಟಿನ ಘಾಟು ಮೂಗಿನಿಂದ ಹೋಗಲಿಲ್ಲ. ಪ್ಲಾಸ್ಟಿಕ್ ಹಾಳೆ ಹಚ್ಚಿ ನೋಡಿದರೆ ಹನಿ ಗೋಡೆಯ ಬದಿಯಲ್ಲೇ. ಕೊನೆಗೆ ಪ್ಲಂಬರ್ ಒಡೆದು ತೋರಿಸಿದ, ಆಚೆ ಬದಿಯ ಬಾತ್‌ರೂಮಿನ ಪೈಪಿನ ಜಾಯಿಂಟ್ ಜಿನುಗುತ್ತಿತ್ತು. ಜಾಯಿಂಟ್ ಬದಲಿಸಿ, ಗೋಡೆ ಪೂರ್ತಿ ಒಣಗಲು ಬೇಸಿಗೆವರೆಗೆ ಬಿಟ್ಟು ಆಮೇಲೆ ಬಣ್ಣ. ಚೌತಿಗೆ ಮುಂಚೆ ಬಣ್ಣ ಹೊಡೆಯುವ ಆಸೆ ನಮಗೆಲ್ಲ ಇದೆ. ಹಸಿ ಗೋಡೆಗೆ ಮಾತ್ರ ಬೇಡ. ಹಳೆಯ ಮನೆಗಳಿಗೆ ನನ್ನ ಓಟು ಸುಣ್ಣಕ್ಕೇ. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ, ಅದರ ಕ್ಷಾರ ಬೂಸಲಿಗೆ ಆಗಿಬರುವುದಿಲ್ಲ, ಖರ್ಚೂ ಕಡಿಮೆ.

ಇನ್ನು ಬೂಸಲು ತೆಗೆಯುವ ಕ್ರಮ. ಒಣ ಬ್ರಶ್ಶಿನಿಂದ ಕೆರೆಯಲೇಬೇಡಿ, ಬೀಜಕಣಗಳೆಲ್ಲ ಗಾಳಿಗೆ ಹಾರಿ ಮನೆ ತುಂಬ ಹರಡುತ್ತವೆ. ಎನ್95 ಮಾಸ್ಕ್, ಗ್ಲೌಸ್ ಹಾಕಿ. ಆ ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ, ಫ್ಯಾನ್ ಬೇಡ. ಜಾಗವನ್ನು ಮೊದಲು ಒದ್ದೆ ಮಾಡಿ, ಸೋಪಿನ ನೀರಲ್ಲಿ ಉಜ್ಜಿ, ಬಟ್ಟೆಯಿಂದ ಒರೆಸಿ, ಬಟ್ಟೆ ಎಸೆದುಬಿಡಿ. ಬ್ಲೀಚ್ ಹಾಕಿದರೆ ಕಲೆ ಬೆಳ್ಳಗಾಗುತ್ತದೆ, ಅದು ನೋಡಿ ಸಮಾಧಾನವೂ ಆಗುತ್ತದೆ, ಆದರೆ ಸತ್ತ ಬೂಸಲೂ ಸೀನು ತರಿಸುತ್ತದೆ. ಕೊಲ್ಲುವುದು ಮುಖ್ಯವಲ್ಲ, ತೆಗೆದು ಹೊರಗೆ ಹಾಕುವುದು ಮುಖ್ಯ. ಸುಮಾರು 10 ಚದರ ಅಡಿಗಿಂತ ಜಾಸ್ತಿ ಹರಡಿದ್ದರೆ, ಮನೆಯಲ್ಲಿ ದಮ್ಮು ಇರುವವರಿದ್ದರೆ, ಆ ಕೆಲಸ ನೀವು ಮಾಡಬೇಡಿ, ಗೊತ್ತಿದ್ದವರನ್ನು ಕರೆಸಿ. ಬೂಸಲು ಹತ್ತಿದ ಹಾಸಿಗೆ, ಉಬ್ಬಿದ ಪ್ಲೈವುಡ್, ರಟ್ಟಿನ ಪೆಟ್ಟಿಗೆ ಇವನ್ನು ತೊಳೆದು ಉಳಿಸುವ ಆಸೆ ಬಿಡಿ. ಸೋರಿ ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಸಲು ಏಳುವುದೇ ಅಪರೂಪ.

ಹಾಳೆಯ ಹೊರಗೆ ಹನಿ ಕಂಡವರು, ಅಂದರೆ ಕೋಣೆಯ ಗಾಳಿಯೇ ಒದ್ದೆ ಇರುವವರು, ಒಂದು ತೇವಾಂಶ ಮೀಟರ್ ತರಿಸಿಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆಯೊಳಗೆ 60 ಶೇಕಡಕ್ಕಿಂತ ಕಡಿಮೆ ಇರಲಿ, 30ರಿಂದ 50 ಇದ್ದರೆ ಇನ್ನೂ ಒಳ್ಳೆಯದು ಅಂತ ಪುಸ್ತಕದಲ್ಲಿರುತ್ತದೆ. ಪುಷ್ಯ ಮಳೆ ಹೊಡೆಯುವಾಗ ಶಿರಸಿಯಲ್ಲಿ 50 ತೋರಿಸಿ ನೋಡೋಣ! ಹೊರಗೇ 90 ದಾಟಿರುತ್ತದೆ. ಆ ದಿನಗಳಲ್ಲಿ "ಗಾಳಿ ಆಡಲಿ" ಅಂತ ದಿನವಿಡೀ ಕಿಟಕಿ ತೆರೆದಿಟ್ಟರೆ ತೇವ ಕಡಿಮೆಯಾಗುವುದಿಲ್ಲ. ಮಳೆ ಬಿಟ್ಟು ಹೊಳವಾದಾಗ ತೆರೆಯಿರಿ, ಮಳೆ ಹಿಡಿದಾಗ ಮುಚ್ಚಿ. ಎಸಿ ಇದ್ದರೆ ಡ್ರೈ ಮೋಡಿನಲ್ಲಿ ಓಡಿಸಿ. ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದಿಡಿ. ಮತ್ತೆ, ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ. ಬಟ್ಟೆಯಲ್ಲಿರುವ ಲೀಟರುಗಟ್ಟಲೆ ನೀರು ಎಲ್ಲಿಗೆ ಹೋಗುತ್ತದೆ? ನಿಮ್ಮ ಗೋಡೆಗೆ, ಹಾಸಿಗೆಗೆ. ನಮ್ಮ ಹಳೆಯ ಮನೆಗಳಲ್ಲಿ ಬಟ್ಟೆ ಒಣಗಿಸುತ್ತಿದ್ದದ್ದು ಬಚ್ಚಲ ಒಲೆಯ ಮೇಲಿನ ಗಳಕ್ಕೆ. ಬಟ್ಟೆಗೆ ಹೊಗೆ ವಾಸನೆ ಬರುತ್ತಿತ್ತು ನಿಜ, ಆದರೆ ತೇವ ಮಲಗುವ ಕೋಣೆಗೆ ಬರುತ್ತಿರಲಿಲ್ಲ.

ಹಾಸಿಗೆ

ಇದು ನೀರಿನದ್ದೇ ಇನ್ನೊಂದು ಮುಖ. ಹಾಸಿಗೆಯ ನುಸಿ, ಕಣ್ಣಿಗೆ ಕಾಣದ್ದು, ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತದೆ, ತೇವವಿದ್ದರೆ ಚೆನ್ನಾಗಿ ಬೆಳೆಯುತ್ತದೆ. ಅಲರ್ಜಿ ಬರುವುದು ಮುಖ್ಯವಾಗಿ ಅದರ ಹಿಕ್ಕೆಯಿಂದ. ತಣ್ಣೀರಿನಲ್ಲಿ ಒಗೆದರೆ ನುಸಿ ಸಾಯುವುದಿಲ್ಲ. ನೀರು 55ರಿಂದ 60 ಡಿಗ್ರಿ ಬಿಸಿ ಇರಬೇಕು. ಬಚ್ಚಲಲ್ಲಿ ಹಂಡೆ ಇರುವವರಿಗೆ ಇದು ಸಲೀಸು, ಅಷ್ಟು ಬಿಸಿ ನೀರಿನಲ್ಲಿ ಹೊದಿಕೆ, ದಿಂಬಿನ ಚೀಲ ನೆನೆಹಾಕಿ, ಕೋಲಿನಿಂದ ತಿರುವಿ. ವಾರಕ್ಕೊಮ್ಮೆ ಆದರೆ ಒಳ್ಳೆಯದು. ಹತ್ತಿ ಗಾದಿಯನ್ನು ಬಿಸಿಲು ಕಂಡ ದಿನ ಹೊರಗೆ ಹಾಕಿ, ಎರಡೂ ಬದಿ ಒಣಗಲಿ, ಅಂಗಳದಲ್ಲೇ ಕೊಡವಿ.

ಹೊಗೆ

ಬಚ್ಚಲು ಮನೆಗೆ ಅಂಟಿಕೊಂಡಿದ್ದರೆ ಬಾಗಿಲಿನ ಮೇಲಿನ ಪಟ್ಟಿ ನೋಡಿ. ಅಲ್ಲಿ ಕಪ್ಪು ಗೆರೆ, ಒಳಗಿನ ಜಂತಿಯಲ್ಲಿ ಇಲ್ಲಣ (ಹೊಗೆಯ ಮಸಿ) ಇದ್ದರೆ ಹೊಗೆ ದಿನವೂ ಒಳಗೆ ಬರುತ್ತಿದೆ. ಒಲೆ ಉರಿಯುವಾಗ ಒಂದು ಊದಿನಕಡ್ಡಿ ಹಚ್ಚಿ ಆ ಬಾಗಿಲ ಸಂದಿಗೆ ಹಿಡಿಯಿರಿ. ಎಳೆ ಬಚ್ಚಲ ಕಡೆ ಹೋದರೆ ಸರಿ, ಮನೆಯ ಕಡೆ ತಿರುಗಿದರೆ ತಪ್ಪು. ಆಗ ಮೊದಲು ಹೊಗೆಗೂಡು ಕಟ್ಟಿದೆಯಾ ನೋಡಿ, ಮಸಿ ತೆಗೆಸಿ. ಆಮೇಲೆ ಕಟ್ಟಿಗೆ. ಬೇಸಿಗೆಯಲ್ಲಿ ಒಣಗಿಸಿ ಕೊಟ್ಟಿಗೆಯಲ್ಲಿಟ್ಟ ಕಟ್ಟಿಗೆಗೂ ಮಳೆಯಲ್ಲಿ ನೆಂದ ತೆಂಗಿನ ಸಿಪ್ಪೆಗೂ ಹೊಗೆಯಲ್ಲಿ ಅಜಗಜಾಂತರ. ಬೆಂಕಿ ಹಚ್ಚಲು ಹಾಲಿನ ಪ್ಯಾಕೆಟ್ ಹಾಕುವ ಅಭ್ಯಾಸ ಎಷ್ಟೋ ಮನೆಯಲ್ಲಿದೆ. ದಯವಿಟ್ಟು ಬೇಡ, ಪ್ಲಾಸ್ಟಿಕ್ ಸುಟ್ಟ ಹೊಗೆ ಕಟ್ಟಿಗೆಯ ಹೊಗೆಗಿಂತ ಕೆಟ್ಟದ್ದು. ಒಲೆಯನ್ನೇ ಬದಲಿಸುವುದಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯ ಮಾದರಿ ಇದೆ, ಹೊಗೆಗೂಡು ಸಮೇತ. ಅದನ್ನೂ ತಿಂಗಳಾನುಗಟ್ಟಲೆ ಮಸಿ ತೆಗೆಯದೆ ಬಿಟ್ಟರೆ ಹೊಗೆ ವಾಪಸ್ ಬರುತ್ತದೆ.

ಗ್ಯಾಸ್ ಇದ್ದವರು, ಗೋಬರ್ ಗ್ಯಾಸ್ ಸೇರಿ, ಉರಿಯ ಬಣ್ಣ ನೋಡಿ. ನೀಲಿ ಇದ್ದರೆ ಸರಿ. ಹಳದಿ ನಾಲಗೆ ಎದ್ದು ಪಾತ್ರೆಯ ತಳ ಕಪ್ಪಾದರೆ ಗಾಳಿ ಸಾಲುತ್ತಿಲ್ಲ, ಬರ್ನರ್ ತೂತು ಕಟ್ಟಿದೆ. ಬರ್ನರ್ ತೆಗೆದು ಸೋಪಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಗೋಬರ್ ಗ್ಯಾಸಿನ ಪೈಪಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತಾ ನೋಡಿ, ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಬೇಡ. ಎಕ್ಸಾಸ್ಟ್ ಫ್ಯಾನ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಅದರ ಮುಂದೆ ಒಂದು ತೆಳು ಕಾಗದ ಹಿಡಿಯಿರಿ, ಜಾಲರಿಗೆ ಅಂಟಿ ನಿಲ್ಲಬೇಕು. ಕರಾವಳಿಯಲ್ಲಿ ಉಪ್ಪು ಗಾಳಿ ಮತ್ತು ಬಂಗಡೆ ಕರಿದ ಎಣ್ಣೆಯ ಜಿಡ್ಡು ಸೇರಿ ಈ ಫ್ಯಾನು ಬೇಗ ಸೋಲುತ್ತದೆ, ಸದ್ದು ಮಾತ್ರ ಮಾಡುತ್ತದೆ. ಇನ್ನೊಂದು ಕಡೆ ಕಿಟಕಿ ಸ್ವಲ್ಪ ತೆರೆದಿರಲಿ. ಒಳಗೆ ಬರಲು ದಾರಿಯಿಲ್ಲದೆ ಗಾಳಿ ಹೊರಗೆ ಹೇಗೆ ಹೋದೀತು? ತೇವದ ದಿನ ಕಿಟಕಿ ಮುಚ್ಚಿ ಅಂದೆನಲ್ಲ, ಅಡುಗೆ ಮಾಡುವಾಗ ಆ ಮಾತು ಬೇಡ. ಹೊಗೆಯೋ ತೇವವೋ ಅಂತ ಬಂದರೆ ಹೊಗೆ ಹೊರಗೆ ಹೋಗುವುದೇ ಮೊದಲು.

ಸೊಳ್ಳೆ ಕಾಯಿಲ್ ಬಗ್ಗೆ ಒಂದೇ ಮಾಹಿತಿ ಸಾಕು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಕಾಯಿಲ್ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಬೀಡಿ ಸೇದುವ ಅಜ್ಜನನ್ನು ಜಗಲಿಗೆ ಕಳಿಸಿ, ಮಗುವಿನ ಮಂಚದ ಕೆಳಗೆ ಕಾಯಿಲ್ ಹಚ್ಚುತ್ತೇವೆ. ಸೊಳ್ಳೆ ಪರದೆ ಕಟ್ಟಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು ಚೆಲ್ಲಿ. ದೇವರ ಮುಂದೆ ಊದಿನಕಡ್ಡಿ ಬೇಡ ಅಂತ ನಾನು ಹೇಳುವುದಿಲ್ಲ. ಕಟ್ಟು ಹಚ್ಚುವ ಬದಲು ಒಂದು ಕಡ್ಡಿ, ಕಿಟಕಿ ತೆರೆದು.

ಬಾಟಲಿ

ಬಾತ್‌ರೂಮ್ ಕಪಾಟಿನಲ್ಲಿ ಇರುವುದನ್ನೆಲ್ಲ ಹೊರಗೆ ತೆಗೆದು ಸಾಲಾಗಿ ಇಡಿ. ಟಾಯ್ಲೆಟ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್ ಎರಡೂ ಅಕ್ಕಪಕ್ಕ ಇದ್ದರೆ ಈಗಲೇ ಬೇರೆ ಮಾಡಿ. ಮಳೆಗಾಲದಲ್ಲಿ ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಉಳಿದು ಅಲ್ಲೇ ಕೂತಿರುತ್ತದೆ. ಆಸಿಡ್ ಹಾಕಿದ ಕಮೋಡಿಗೆ "ಇನ್ನೂ ಚೊಕ್ಕ ಆಗಲಿ" ಅಂತ ಬ್ಲೀಚ್ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಚಿಕ್ಕ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶ ಸುಡುತ್ತದೆ. ಅಮೋನಿಯ ಇರುವ ಗಾಜಿನ ಕ್ಲೀನರ್ ಜೊತೆ ಬ್ಲೀಚ್ ಸೇರಿದರೂ ವಿಷವೇ. ಹಾಗೇನಾದರೂ ಆದರೆ ಅದಕ್ಕೆ ಮತ್ತೊಂದು ಹಾಕಿ ಸರಿ ಮಾಡಲು ಹೋಗಬೇಡಿ. ಹೊರಗೆ ಬನ್ನಿ, ಸಾಧ್ಯವಾದರೆ ಬಾಗಿಲು ತೆರೆದಿಟ್ಟು ಬನ್ನಿ, ಉಸಿರಾಟ ಕಷ್ಟವಾದರೆ ಆಸ್ಪತ್ರೆ. ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸುವ ವಿಡಿಯೋಗಳು ಅಪಾಯವಲ್ಲ, ಆದರೆ ಸುಮ್ನೆ ನೊರೆ. ಎರಡೂ ಒಂದನ್ನೊಂದು ತಿಂದು ಬರೀ ಉಪ್ಪು ನೀರಿನಂಥದ್ದು ಉಳಿಯುತ್ತದೆ.

ನಿಂಬೆ, ಪೈನ್ ಪರಿಮಳದ ಕ್ಲೀನರ್ ಚೊಕ್ಕತನದ ವಾಸನೆ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆ ಪರಿಮಳದ ರಾಸಾಯನಿಕ ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಅತಿ ಸಣ್ಣ ಕಣಗಳನ್ನು ಹುಟ್ಟಿಸುತ್ತದೆ. ಚೊಕ್ಕ ನೆಲಕ್ಕೆ ವಾಸನೆಯೇ ಇರುವುದಿಲ್ಲ. ಪರೀಕ್ಷೆ ಸುಲಭ: ಎರಡು ವಾರ ಪರಿಮಳದ್ದೆಲ್ಲ ಬಂದ್ ಮಾಡಿ, ಬರೀ ನೀರು ಮತ್ತು ಸ್ವಲ್ಪ ಸೋಪಿನಲ್ಲಿ ಒರೆಸಿ. ಗಂಟಲು ಉರಿ ಹೋದರೆ ಉತ್ತರ ಸಿಕ್ಕಿತು. ಸ್ಪ್ರೇ ಬೇಕೇ ಬೇಕು ಅಂದರೆ ಗಾಳಿಗೆ ಹೊಡೆಯದೆ ಬಟ್ಟೆಗೆ ಹೊಡೆದು ಒರೆಸಿ.

ಡಾಂಬರು ಗುಳಿಗೆಯನ್ನು ಸೀರೆ ಕಪಾಟಿನಿಂದ ತೆಗೆದುಬಿಡಿ. ನ್ಯಾಫ್ತಲಿನ್ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಿಗೆ ಈ ಗುಳಿಗೆಯ ಜೊತೆ ಇಟ್ಟ ಬಟ್ಟೆ ತೊಡಿಸಿದರೆ ರಕ್ತಕಣ ಒಡೆದು ಕಾಮಾಲೆ ಆಗಬಹುದು. ತೊಟ್ಟಿಲಿನ ಹಳೆಯ ಬಟ್ಟೆಗಳನ್ನು ನಾವು ಎಲ್ಲಿಡುತ್ತೇವೆ? ಇದೇ ಕಪಾಟಿನಲ್ಲಿ. ಒಗೆದು, ಬಿಸಿಲಿಗೆ ಹಾಕಿ, ಆಮೇಲೆ ತೊಡಿಸಿ.

ಧೂಳು, ಯಂತ್ರ, ಗಿಡ

ಒಣ ಹಿಡಿಯಿಂದ ಗುಡಿಸಿದರೆ ಧೂಳು ಜಾಗ ಬದಲಿಸುತ್ತದೆ, ಅಷ್ಟೇ. ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿ, ನೆಲ ಕೊನೆಗೆ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳು ಚೀಲದೊಳಗೇ ಬೀಳುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯವರು ರಸ್ತೆ ಕಡೆಯ ಕಿಟಕಿ ಮುಚ್ಚಿ ಹಿತ್ತಲ ಕಡೆಯದು ತೆರೆಯಿರಿ. ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ಕೆಲಸ ಜಗಲಿಯಲ್ಲೇ ನಡೆಯುತ್ತಿದ್ದರೆ ಒಳಬಾಗಿಲು ಹಾಕಿರಲಿ. ಅಡಿಕೆಗೆ ಬೋರ್ಡೋ ಔಷಧ ಹೊಡೆದು ಬಂದವರ ಬಟ್ಟೆ ಒಳಗೆ ಬೇಡ.

ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಹೆಪಾ (ಅತಿ ಸಣ್ಣ ಕಣ ಹಿಡಿಯುವ) ಫಿಲ್ಟರಿನದ್ದೇ ಕೊಳ್ಳಿ, ಓಝೋನ್ ಬಿಡುವ ಯಂತ್ರ ಬೇಡ. ಹೆಪಾ ಧೂಳು, ಹೊಗೆಯ ಕಣ ಹಿಡಿಯುತ್ತದೆ, ಹಸಿ ಗೋಡೆ ಒಣಗಿಸುವುದಿಲ್ಲ. ಪಿಎಂ 2.5, ಅಂದರೆ ಗಾಳಿಯ ಅತಿ ಸಣ್ಣ ಕಣ, ಅಳೆಯುವ ಮೀಟರ್ ತಂದವರಿಗೆ ಒಂದು ಎಚ್ಚರಿಕೆ: ಅಗ್ಗದ ಮೀಟರುಗಳು ಬೆಳಕು ಹಾಯಿಸಿ ಕಣ ಎಣಿಸುತ್ತವೆ, ಗಾಳಿಯಲ್ಲಿ ತೇವ ಜಾಸ್ತಿಯಾದರೆ ಕಣಗಳು ನೀರು ಹೀರಿ ಉಬ್ಬಿ ಸಂಖ್ಯೆ ಏರುತ್ತದೆ. ದಿನದ ಸರಾಸರಿ ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ, ನಮ್ಮ ದೇಶದ ಮಿತಿ 60. ಮಳೆಗಾಲದಲ್ಲಿ ಆ ಸಂಖ್ಯೆಯನ್ನು ಹಾಗೇ ನಂಬದೆ, ಕಾಯಿಲ್ ಹಚ್ಚುವ ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ಹೋಲಿಸಲು ಬಳಸಿ. ಒಳಾಂಗಣ ಗಿಡಗಳಿಂದ ಗಾಳಿ ಶುದ್ಧವಾಗುತ್ತದೆ ಅನ್ನುವುದು ಮನೆಯ ಮಟ್ಟಿಗೆ ಆಗದ ಮಾತು, ಕಿಟಕಿ ಮಾಡುವಷ್ಟು ಕೆಲಸಕ್ಕೆ ಕೋಣೆ ತುಂಬ ಗಿಡ ಬೇಕಾಗುತ್ತದೆ. ಕುಂಡದ ಒದ್ದೆ ಮಣ್ಣಿನಲ್ಲಿ ಬೂಸಲು ಮಾತ್ರ ಗ್ಯಾರಂಟಿ.

ಬೀಗ ಹಾಕಿದ ಮನೆ

ಬೆಂಗಳೂರು, ಪುಣೆಯಿಂದ ಚೌತಿಗೆ ಬಂದು ಊರ ಮನೆ ತೆರೆಯುವವರಿಗೆ ಇದು ಬೇರೆಯೇ ಸಮಸ್ಯೆ. ಬಾಗಿಲು ತೆಗೆದಾಗ ಗಟಾರದ ವಾಸನೆ ಬಂದರೆ ಸೆಪ್ಟಿಕ್ ಟ್ಯಾಂಕ್ ತುಂಬಿದೆ ಅಂದುಕೊಂಡು ಗಾಡಿ ಕರೆಸಬೇಡಿ. ಬಾತ್‌ರೂಮಿನ ನೆಲದ ಜಾಲರಿ ಕೆಳಗೆ, ಸಿಂಕಿನ ಬಾಗಿದ ಪೈಪಿನಲ್ಲಿ, ಸದಾ ಸ್ವಲ್ಪ ನೀರು ನಿಂತಿರಬೇಕು. ಅದೇ ಗಟಾರದ ಗಾಳಿಯನ್ನು ತಡೆಯುವುದು. ತಿಂಗಳುಗಟ್ಟಲೆ ಯಾರೂ ಬಳಸದಿದ್ದರೆ ಅದು ಆರಿ ಹೋಗುತ್ತದೆ. ಪ್ರತಿಯೊಂದಕ್ಕೂ ಒಂದೊಂದು ಬಕೆಟ್ ನೀರು ಸುರಿದು ಕಿಟಕಿ ತೆರೆದಿಡಿ, ಅರ್ಧ ಗಂಟೆಯಲ್ಲಿ ವಾಸನೆ ಹೋಗದಿದ್ದರೆ ಆಗ ಟ್ಯಾಂಕ್ ನೋಡಿಸಿ. ಅಟ್ಟದಲ್ಲಿ ಬಾವಲಿ ಹಿಕ್ಕೆ, ಇಲಿ ಹಿಕ್ಕೆ ಬಿದ್ದಿದ್ದರೆ ಗುಡಿಸುವ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಎತ್ತಿ. ಹಾಸಿಗೆಗಳನ್ನು ಹೊರಗೆ ಹಾಕಿ. ಸಾಧ್ಯವಾದರೆ ಮೊದಲ ರಾತ್ರಿ ಪಕ್ಕದ ಮನೆಯ ಚಿಕ್ಕಮ್ಮನಲ್ಲೇ ಮಲಗಿ, ಹೇಗೂ ಊಟಕ್ಕೆ ಅಲ್ಲಿಗೇ ಹೋಗುತ್ತೀರಿ.